ಗುಣಪಡಿಸಬೇಕಾದ ಕೈಗಳು
(ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಹಬ್ಬದ ಚಿಂತನೆ)



ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಹಬ್ಬದ ಮುನ್ನಾದಿನವಾದ ಆಗಸ್ಟ್ 14ರಂದು ಧರ್ಮಸಭೆ ಸಂತ ಕೋಲ್ಬೆಯವರನ್ನು ಸ್ಮರಿಸುತ್ತದೆ. ಹೆಂಡತಿ ಮಕ್ಕಳಿದ್ದ ಸಹಕೈದಿಯೊಬ್ಬನ ಬದಲಿಗೆ ಅವರು ಆಶ್ವಿಟ್ಸ್ ಶಿಬಿರದಲ್ಲಿ ಉಪವಾಸದ ಕೋಣೆ ಸೇರಿದ್ದನ್ನು ನಮ್ಮ ಧರ್ಮೋಪದೇಶದ ಮಕ್ಕಳೂ ಬಲ್ಲರು. ಆದರೆ ಅವರು ಸತ್ತದ್ದು ಹಸಿವಿನಿಂದಲ್ಲ. ಎರಡು ವಾರವಾದರೂ ಜೀವ ಹಿಡಿದಿದ್ದ ಅವರನ್ನು 1941ರ ಇದೇ ದಿನ ಫಿನಾಲ್ ಎಂಬ ವಿಷದ ಇಂಜೆಕ್ಷನ್ ಕೊಟ್ಟು ಕೊಂದರು. ಚುಚ್ಚಿದವನು ವೈದ್ಯನಲ್ಲ, ಶಿಬಿರದ ಆಸ್ಪತ್ರೆಯಲ್ಲಿ ಅಧಿಕಾರ ಪಡೆದಿದ್ದ ಒಬ್ಬ ಕೈದಿ. ಆದರೆ ದುಡಿಯಲಾರದ ರೋಗಿಗಳನ್ನು ಆರಿಸಿ ಆ ಸೂಜಿಗೆ ಕಳುಹಿಸುತ್ತಿದ್ದವರು ಅಲ್ಲಿನ ಎಸ್.ಎಸ್. ವೈದ್ಯರೇ. ಮುಂದೆ ರೈಲಿನಿಂದಿಳಿದ ಯೆಹೂದ್ಯರಲ್ಲಿ ಯಾರು ಕೆಲಸಕ್ಕೆ, ಯಾರು ವಿಷಾನಿಲದ ಕೋಣೆಗೆ ಎಂದು ತೀರ್ಮಾನಿಸಿದವರೂ ಅವರೇ.

ಇವರು ಓದಿಲ್ಲದ ಪುಂಡರೇನಲ್ಲ. ಜೋಸೆಫ್ ಮೆಂಗೆಲೆ ಎರಡು ಡಾಕ್ಟರೇಟ್ ಪಡೆದವನು. ಹುಟ್ಟಿದ್ದು ಕಥೋಲಿಕ ಕುಟುಂಬದಲ್ಲಿ. ಇದನ್ನು ನಾವು ಮರೆಮಾಚಬಾರದು.

ಕೇಡು ಶುರುವಾದದ್ದು ಶಿಬಿರಗಳಲ್ಲಲ್ಲ, ಆಸ್ಪತ್ರೆಗಳಲ್ಲಿ. ಜರ್ಮನಿಯ ಮಾನಸಿಕ ರೋಗಿಗಳು ಮತ್ತು ಅಂಗವಿಕಲರ ವಿವರವಿದ್ದ ನಮೂನೆಗಳ ಮೇಲೆ, ರೋಗಿಯ ಮುಖವನ್ನೂ ನೋಡದ ವೈದ್ಯರು ಕೆಂಪು ಪೆನ್ಸಿಲಿನಿಂದ ಕೂಡುವ ಗುರುತು ಹಾಕುತ್ತಿದ್ದರು. ಆ ಗುರುತೆಂದರೆ ಸಾವು. 1941ರ ಆಗಸ್ಟ್ ಹೊತ್ತಿಗೆ ಸುಮಾರು 70,000 ಮಂದಿ ಹೀಗೆ ಸತ್ತಿದ್ದರು. ಆಗಸ್ಟ್ 3ರಂದು ಮ್ಯೂನ್‌ಸ್ಟರಿನ ಧರ್ಮಾಧ್ಯಕ್ಷ ಫಾನ್ ಗಾಲೆನ್ ಪ್ರಬೋಧನೆಯಲ್ಲಿ ಇದನ್ನು ಕೊಲೆಯೆಂದೇ ಕರೆದರು. ಅದೇ ತಿಂಗಳು ಹಿಟ್ಲರ್ ಈ ಕಾರ್ಯಕ್ರಮವನ್ನು ನಿಲ್ಲಿಸಲು ಆದೇಶಿಸಿದ. ಗುಟ್ಟಾಗಿ ಅದು ಮುಂದುವರಿಯಿತು, ನಿಜ. ಆದರೂ ಪೀಠದಿಂದ ಬಂದ ಒಂದು ಮಾತಿಗೆ ಆ ಸರ್ಕಾರವೂ ಅಂಜಿತಲ್ಲ!

ಡಾಖಾವ್ ಶಿಬಿರದಲ್ಲಿ 2,700ಕ್ಕೂ ಹೆಚ್ಚು ಕ್ರೈಸ್ತ ಗುರುಗಳು ಸೆರೆಯಲ್ಲಿದ್ದರು; ಬಹುಪಾಲು ಕಥೋಲಿಕರು, ಅದರಲ್ಲೂ ಪೋಲೆಂಡಿನವರು. ಅಲ್ಲಿಗೆ 1942ರಲ್ಲಿ ಎಪ್ಪತ್ತು ದಾಟಿದ ಮಲೇರಿಯಾ ತಜ್ಞ ಕ್ಲಾಸ್ ಶಿಲ್ಲಿಂಗ್ ಬಂದ. ಸಾವಿರಕ್ಕೂ ಹೆಚ್ಚು ಕೈದಿಗಳಿಗೆ ಬೇಕೆಂದೇ ಮಲೇರಿಯಾ ಅಂಟಿಸಿ ಔಷಧಿಗಳನ್ನು ಪರೀಕ್ಷಿಸಿದ. ಅವರಲ್ಲಿ ಅನೇಕರು ಗುರುಗಳು. ಫಾದರ್ ಲಿಯೋ ಮಿಖಲೋವ್‌ಸ್ಕಿ ಸೋಂಕಿನ ಸೊಳ್ಳೆಗಳಿದ್ದ ಪುಟ್ಟ ಪೆಟ್ಟಿಗೆಯ ಮೇಲೆ ಕೈ ಇಡಬೇಕಾಯಿತು. ಜ್ವರಗಳ ನಂತರ, ಅದೇ ವರ್ಷ, ವಾಯುಪಡೆಗಾಗಿ ನಡೆದ ಮತ್ತೊಂದು ಪ್ರಯೋಗದಲ್ಲಿ ಅವರನ್ನು ಪ್ರಜ್ಞೆ ತಪ್ಪುವವರೆಗೆ ಮಂಜಿನ ನೀರಿನಲ್ಲಿ ಮುಳುಗಿಸಿಟ್ಟರು. ಅವರು ಬದುಕುಳಿದರು.

ಯುದ್ಧದ ನಂತರ ವಿಚಾರಣೆಯಲ್ಲಿ ಶಿಲ್ಲಿಂಗ್ ಕೇಳಿಕೊಂಡದ್ದು ಕ್ಷಮೆಯನ್ನಲ್ಲ, ತನ್ನ ಸಂಶೋಧನಾ ವರದಿಯನ್ನು ಬರೆದು ಮುಗಿಸಲು ಅವಕಾಶವನ್ನು! ಮಲೇರಿಯಾಕ್ಕೆ ಮದ್ದು ಹುಡುಕುವುದು ಪಾಪವೇ? ಖಂಡಿತ ಅಲ್ಲ. ಆದರೆ ಎದುರಿಗಿದ್ದ ಮನುಷ್ಯ ಅವನಿಗೆ ಕಾಣಲೇ ಇಲ್ಲ. 1946ರ ಮೇ ತಿಂಗಳಲ್ಲಿ ಅವನನ್ನು ಗಲ್ಲಿಗೇರಿಸಿದರು. ಮೆಂಗೆಲೆ ಮಾತ್ರ ದಕ್ಷಿಣ ಅಮೆರಿಕಕ್ಕೆ ಓಡಿಹೋಗಿ, 1979ರಲ್ಲಿ ಸಾಯುವವರೆಗೂ ಯಾರ ಕೈಗೂ ಸಿಗಲಿಲ್ಲ.

1946ರ ಡಿಸೆಂಬರಿನಲ್ಲಿ ನ್ಯೂರೆಂಬರ್ಗಿನಲ್ಲಿ 23 ಮಂದಿಯ ವಿಚಾರಣೆ ಆರಂಭವಾಯಿತು; ಅವರಲ್ಲಿ 20 ಮಂದಿ ವೈದ್ಯರು. ಫಾದರ್ ಮಿಖಲೋವ್‌ಸ್ಕಿ ಅಲ್ಲಿ ಸಾಕ್ಷಿ ನುಡಿದರು. ಹದಿನಾರು ಮಂದಿ ಅಪರಾಧಿಗಳೆಂದು ತೀರ್ಮಾನವಾಗಿ, ಏಳು ಮಂದಿಗೆ ಗಲ್ಲಾಯಿತು. 1947ರ ಆಗಸ್ಟಿನ ಆ ತೀರ್ಪು ಮನುಷ್ಯರ ಮೇಲಿನ ಪ್ರಯೋಗಗಳಿಗೆ ಹತ್ತು ನಿಯಮಗಳನ್ನು ವಿಧಿಸಿತು. ಮೊದಲನೆಯದು, ಆ ವ್ಯಕ್ತಿ ತಾನಾಗಿ ಒಪ್ಪಿರಲೇಬೇಕು ಎಂಬುದು. ನಮ್ಮ ದೇಶದ 2019ರ ಔಷಧ ಪ್ರಯೋಗ ನಿಯಮಗಳೂ ಈ ಒಪ್ಪಿಗೆಯನ್ನು ಕಡ್ಡಾಯ ಮಾಡಿವೆ. ಒಪ್ಪಿದವರು ಬೇಡವೆನಿಸಿದಾಗ ನಡುವೆಯೇ ಹಿಂದೆ ಸರಿಯಬಹುದು, ಕಾರಣ ಹೇಳಬೇಕಾಗಿಲ್ಲ.