ಕನ್ನಡನಾಡಿನ ಕಥೋಲಿಕ ಕನ್ಯಾಮಠಗಳು: ಪ್ರಾರ್ಥನೆ, ಸೇವೆ ಮತ್ತು ಶಬ್ದಗಳ ತೊಡಕು

ಬೆಂಗಳೂರಿನ ಪಶ್ಚಿಮಭಾಗದಲ್ಲಿ, ಎಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮುಂತಾದ ಕಡೆಗಳಲ್ಲಿ ಸಂಚರಿಸುವವರಿಗೆ ‘ಕಾನ್ವೆಂಟ್’ ಎಂಬ ನಾಮಫಲಕಗಳು ಅಲ್ಲಲ್ಲಿ ಕಣ್ಣಿಗೆ ಬೀಳುವುದುಂಟು. ಅವುಗಳಲ್ಲಿ ಹಲವು ಇಂಗ್ಲಿಷ್ ಮಾಧ್ಯಮದ ಮಕ್ಕಳ ಶಾಲೆಗಳೇ ಹೊರತು ಸಂನ್ಯಾಸಿನಿಯರ ನಿವಾಸಗಳಲ್ಲ. ಹಿಂದೂ ದೇವತೆಗಳ ಹೆಸರನ್ನು ಹೊತ್ತ ಕಾನ್ವೆಂಟುಗಳೂ ನಾಡಿನಲ್ಲಿ ವಿರಳವಲ್ಲ. ಲ್ಯಾಟಿನ್ ಭಾಷೆಯ ‘ಕೊನ್ವೆಂತುಸ್’ ಎಂಬ ಪದಕ್ಕೆ ಒಟ್ಟುಗೂಡಿದವರ ಸಭೆ ಎಂದು ಅರ್ಥ. ಅದು ಕ್ರಮೇಣ ವ್ರತಸ್ಥರು ಒಟ್ಟಾಗಿ ಬಾಳುವ ಮನೆಗೆ ಹೆಸರಾಯಿತು. ಕನ್ನಡಿಗರು ಆ ಮನೆಯನ್ನು ಹೊರಗಿನಿಂದ, ಅದಕ್ಕೆ ಸೇರಿದ ಶಾಲೆಯ ಬಾಗಿಲಿನಿಂದ ಮಾತ್ರ ನೋಡಿದುದರಿಂದ ಶಾಲೆಯೇ ಶಬ್ದಾರ್ಥವಾಗಿ ನಿಂತಿತು; ಮನೆ ಮರೆಯಾಯಿತು. ‘ಸಿಸ್ಟರ್’ ಎಂಬ ಮಾತಿಗೂ ಇದೇ ಗತಿ ಒದಗಿದೆ. ಆಸ್ಪತ್ರೆಯಲ್ಲಿ ಯಾವ ಮತದ ದಾದಿಯಾದರೂ ಇಂದು ಸಿಸ್ಟರೇ. ಸೇವೆಯ ಎರಡು ಮುಖಗಳಾದ ವಿದ್ಯಾದಾನ ಮತ್ತು ರೋಗಿಶುಶ್ರೂಷೆಗಳು ಹೀಗೆ ಭಾಷೆಯೊಳಕ್ಕೆ ಬಂದುವು. ಅವುಗಳ ಹಿಂದಿನ ಪ್ರಾರ್ಥನಾಜೀವನಕ್ಕೆ ಮಾತ್ರ ಜನಸಾಮಾನ್ಯರ ಕನ್ನಡದಲ್ಲಿ ಒಂದು ಮಾತೂ ನೆಲೆಗೊಳ್ಳಲಿಲ್ಲ.

ಸ್ತ್ರೀಸಂನ್ಯಾಸವು ಕನ್ನಡನಾಡಿಗೆ ಹೊಸದಾಗಿ ಬಂದುದೆಂದು ಭಾವಿಸತಕ್ಕದ್ದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿನ ಏಳನೆಯ ಶತಮಾನದ ಶಾಸನಗಳಲ್ಲಿಯೇ ‘ಗಂತಿಯರ್’ ಎಂಬ ಜೈನ ತಪಸ್ವಿನಿಯರ ಉಲ್ಲೇಖವಿದೆ. ಆದುದರಿಂದ ಕಥೋಲಿಕ ಸಂನ್ಯಾಸಿನಿಯನ್ನು ಹೆಸರಿಸುವಾಗ ‘ಕಂತಿ’ ಎಂಬ ಹಳೆಯ ಮಾತನ್ನು ಹಿಡಿಯುವ ಅವಕಾಶ ಕನ್ನಡಕ್ಕೆ ಇದ್ದೇ ಇತ್ತು. ಬಳಕೆಯು ಬೇರೆ ದಾರಿಯನ್ನು ಹಿಡಿಯಿತು. ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ತಾಯಿ ಎಂಬರ್ಥದ ಪೋರ್ತುಗೀಜ್ ಮಾತಿನಿಂದ ಬಂದ ‘ಮಾದ್ರ್’ ಎಂಬುದು ರೂಢಿಯಾಯಿತು. ಕನ್ನಡದಲ್ಲಿ ‘ಕನ್ಯಾಸ್ತ್ರೀ’, ‘ಕನ್ಯಾಮಠ’ ಎಂಬುವು ನಿಂತುವು. ತಮಿಳು, ಮಲೆಯಾಳಗಳಲ್ಲಿಯೂ ಇದೇ ಜಾತಿಯ ಪದಗಳಿವೆ. ‘ಕನ್ಯಾಸ್ತ್ರೀ’ ಎಂಬುದು ಅಷ್ಟೇನೂ ಸಮರ್ಪಕವಾದ ಪದವಲ್ಲ. ವಿಧವೆಯರಿಗೂ ಈ ಸಂಘಗಳಲ್ಲಿ ಪ್ರವೇಶವುಂಟು. 1610ರಲ್ಲಿ ಇಂದಿನ ಫ್ರಾನ್ಸಿಗೆ ಸೇರಿದ ಪ್ರದೇಶದಲ್ಲಿ ಹುಟ್ಟಿದ ‘ವಿಸಿಟೇಶನ್’ ಸಂಘದ ಸ್ಥಾಪಕಿ ಜಾನ್ ದ ಷಾಂತಾಲ್ ಎಂಬವರು ಮಕ್ಕಳ ತಾಯಿಯಾಗಿದ್ದ ವಿಧವೆ. ವ್ರತಗಳು ಮೂರು: ಬಡತನ, ಬ್ರಹ್ಮಚರ್ಯ, ವಿಧೇಯತೆ. ‘ಕನ್ಯಾ’ ಶಬ್ದವು ಇವುಗಳಲ್ಲಿ ಒಂದನ್ನು ಮಾತ್ರ, ಅದನ್ನೂ ಅರೆಬರೆಯಾಗಿ, ಹೇಳುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಮತ್ತೊಂದಿದೆ. 1917ರ ಕಥೋಲಿಕ ಧರ್ಮಸಂಹಿತೆಯು ಇವರಲ್ಲಿ ಎರಡು ವರ್ಗಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿತು. ಗಂಭೀರವ್ರತಗಳನ್ನು ತೊಟ್ಟು ಆವರಣದೊಳಗೆ ಇರತಕ್ಕವರು ‘ಮೊನಿಯಾಲೆಸ್’. ಸರಳವ್ರತಗಳನ್ನು ತೊಟ್ಟು ಲೋಕದ ನಡುವೆ ಕಾರ್ಯ ಮಾಡತಕ್ಕವರು ‘ಸೊರೋರೆಸ್’, ಅಂದರೆ ಸಹೋದರಿಯರು. ಕನ್ನಡದಲ್ಲಿ ಇಬ್ಬರೂ ಕನ್ಯಾಸ್ತ್ರೀಯರೇ. ಈ ಭೇದವು ಪಾರಿಭಾಷಿಕ ಹಠವೆಂದು ತೋರಬಹುದು. ಆದರೆ ಆರುನೂರು ವರ್ಷಗಳ ಕಾಲ ಸಾವಿರಾರು ಸ್ತ್ರೀಯರ ಬಾಳು ಇದರ ಮೇಲೆ ನಿಂತಿತ್ತು. 1298ರಲ್ಲಿ ಎಂಟನೆಯ ಬೊನಿಫಾಸ್ ಪೋಪರು ಸಂನ್ಯಾಸಿನಿಯರೆಲ್ಲರೂ ಮಠದ ಆವರಣವನ್ನು ದಾಟಬಾರದೆಂದು ವಿಧಿಸಿದರು. 1563ರಲ್ಲಿ ತ್ರೆಂತ್ ನಗರದ ಮಹಾಸಭೆಯು ಅದನ್ನು ದೃಢಪಡಿಸಿತು. 1566ರಲ್ಲಿ ಐದನೆಯ ಪಿಯುಸರು ಅದನ್ನು ಇನ್ನೂ ಬಿಗಿಗೊಳಿಸಿದರು. ಮೇಲೆ ಹೇಳಿದ ವಿಸಿಟೇಶನ್ ಸಂಘವು ರೋಗಿಗಳ ಮನೆಗಳನ್ನು ಸಂದರ್ಶಿಸುವುದಕ್ಕೆಂದೇ ಹುಟ್ಟಿ, ಕೆಲವೇ ವರ್ಷಗಳಲ್ಲಿ ಗೋಡೆಯೊಳಗೆ ಸೇರಬೇಕಾಯಿತು. 1633ರಲ್ಲಿ ವಿನ್ಸೆಂಟ್ ದ ಪಾಲರು ತಮ್ಮ ಸೇವಾಸಂಘವನ್ನು ಕಟ್ಟಿದಾಗ ಈ ಅನುಭವದಿಂದ ಪಾಠ ಕಲಿತು, ಇವರು ಸಂನ್ಯಾಸಿನಿಯರೇ ಅಲ್ಲವೆಂದು ಸಾರಿ ಕಾರ್ಯವನ್ನು ಉಳಿಸಿಕೊಂಡರು. ಬೀದಿಯಲ್ಲಿ ಓಡಾಡುವ ಸಹೋದರಿಯರಿಗೆ ಧರ್ಮಸಂಘದ ಪೂರ್ಣ ಮಾನ್ಯತೆ ದೊರೆತುದು ಹದಿಮೂರನೆಯ ಲಿಯೋ ಪೋಪರ 1900ರ ಶಾಸನದಿಂದಲೇ.

ಈ ಎರಡು ಮಾರ್ಗಗಳೂ ಒಂದೇ ಕಾಲದಲ್ಲಿ ಒಂದೇ ಊರಿಗೆ ಬಂದುದನ್ನು ಮಂಗಳೂರಿನಲ್ಲಿ ಕಾಣಬಹುದು. ಅಲ್ಲಿಯ ಧರ್ಮಪ್ರಾಂತವು ಆಗ ಕಾರ್ಮೆಲ್ ಸಂಘದ ಯತಿಗಳ ವಶದಲ್ಲಿತ್ತು. ಅವರ ಬಿಷಪರಾದ ಮರೀ ಎಫ್ರೇಮ್ ಗರಲೋನರು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಸಹೋದರಿಯರನ್ನೂ, ಪ್ರಾರ್ಥನೆಗಾಗಿ ಆವರಣಬದ್ಧ ಸಂನ್ಯಾಸಿನಿಯರನ್ನೂ ಬಯಸಿದರು. ಮೊದಲನೆಯದನ್ನು ಸಾಧ್ಯಮಾಡಿದವರು ಮದರ್ ವೆರೋನಿಕಾ. ಇವರ ಪೂರ್ವಾಶ್ರಮದ ಹೆಸರು ಸೋಫಿ ಲೀವ್ಸ್. 1823ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಆಂಗ್ಲಿಕನ್ ಪಾದ್ರಿಯ ಮಗಳಾಗಿ ಹುಟ್ಟಿ, 1850ರಲ್ಲಿ ಕಥೋಲಿಕ ಮತವನ್ನು ಸೇರಿ, ಬೇರೊಂದು ಸಂಘದ ಸಹೋದರಿಯಾಗಿ 1862ರಲ್ಲಿ ಕಲ್ಲಿಕೋಟೆಗೆ ಬಂದಿದ್ದರು. ಮೌನಪ್ರಾರ್ಥನೆಯ ಕಡೆಗೆ ಎಳೆತ, ಮಲಬಾರಿನಲ್ಲಿ ಕಂಡ ಹೆಣ್ಣುಮಕ್ಕಳ ಅವಿದ್ಯೆಯ ನೆನಪು, ಇವೆರಡರ ನಡುವೆ ತೊಳಲಿ, ಕಡೆಗೆ 1868ರಲ್ಲಿ ಫ್ರಾನ್ಸಿನ ಬಯೋನ್ ನಗರದಲ್ಲಿ ‘ಅಪೊಸ್ತೋಲಿಕ ಕಾರ್ಮೆಲ್’ ಎಂಬ ಸಂಘವನ್ನು ಆರಂಭಿಸಿದರು. ಕಾರ್ಮೆಲಿನ ಧ್ಯಾನ, ಲೋಕದಲ್ಲಿ ಬೋಧನೆ, ಎರಡೂ ಒಬ್ಬಳೇ ಸ್ತ್ರೀಯಲ್ಲಿ ಕೂಡಬೇಕೆಂಬುದೇ ಆ ಸಂಘದ ತತ್ತ್ವ.

1870ರ ನವೆಂಬರಿನಲ್ಲಿ ಅಪೊಸ್ತೋಲಿಕ ಕಾರ್ಮೆಲಿನ ಮೂವರು ಸಹೋದರಿಯರು ಮಂಗಳೂರಿಗೆ ಬಂದಿಳಿದರು. ಅದೇ ವರ್ಷ ಪೋ ನಗರದ ಮಠದಿಂದ ಹೊರಟ ಆವರಣಬದ್ಧ ಕಾರ್ಮೆಲ್ ಸಂನ್ಯಾಸಿನಿಯರೂ ಬಂದರು; ಅವರಲ್ಲಿ ಕೆಲವರು ಪ್ರಯಾಣದ ಬೇಗೆಯನ್ನು ತಾಳಲಾರದೆ ಮಂಗಳೂರನ್ನು ಕಾಣುವ ಮೊದಲೇ ತೀರಿಕೊಂಡರು. ಉಳಿದವರಲ್ಲಿ ಒಬ್ಬಳು ಗಲಿಲಾಯದ ಇಬಿಲ್ಲಿನ್ ಎಂಬ ಹಳ್ಳಿಯ ಅರಬ್ ಕನ್ಯೆ ಮರಿಯಮ್ ಬವಾರ್ದಿ. ಓದುಬರಹ ಬಲ್ಲವಳಲ್ಲ. 1871ರ ನವೆಂಬರಿನಲ್ಲಿ ಆಕೆ ವ್ರತಸ್ವೀಕಾರ ಮಾಡಿದುದು ಮಂಗಳೂರಿನಲ್ಲಿಯೇ. ಆಕೆಯ ಅನುಭಾವದ ಅವಸ್ಥೆಗಳ ವಿಷಯದಲ್ಲಿ ಹಿರಿಯರಿಗೆ ಸಂದೇಹವುಂಟಾಗಿ, 1872ರಲ್ಲಿ ಆಕೆಯನ್ನು ಫ್ರಾನ್ಸಿಗೆ ಹಿಂದಿರುಗಿಸಲಾಯಿತು. 1878ರಲ್ಲಿ ಬೆತ್ಲೆಹೇಮಿನಲ್ಲಿ ತೀರಿಕೊಂಡ ಈಕೆಯನ್ನು 2015ರಲ್ಲಿ ಸಂತಳೆಂದು ಘೋಷಿಸಲಾಯಿತು. ಅನುಭಾವಿಗಳ ವಿಷಯದಲ್ಲಿ ಸಮಕಾಲೀನರ ತೀರ್ಪು ಎಷ್ಟು ಅಸ್ಥಿರವಾದುದೆಂಬುದು ಶರಣಸಾಹಿತ್ಯವನ್ನು ಬಲ್ಲವರಿಗೆ ಹೊಸ ಮಾತಲ್ಲ.

ಮದರ್ ವೆರೋನಿಕಾ ಅವರ ಕಥೆ ಇನ್ನೂ ವಿಚಿತ್ರವಾದುದು. ತಮ್ಮ ಸಂಘದವರನ್ನು ಮಂಗಳೂರಿಗೆ ಕಳುಹಿಸಿದ ಅವರು ತಾವು ಅವರೊಡನೆ ಬರಲಿಲ್ಲ. ಬಯೋನ್ ನಗರದ ಮನೆಯು ಬಹುಕಾಲ ಉಳಿಯದೆ ಹೋಗಲು, ಅವರು ಆವರಣಬದ್ಧ ಮಠಕ್ಕೆ ಹಿಂದಿರುಗಿ, 1906ರಲ್ಲಿ ಪೋ ನಗರದಲ್ಲಿ ದೇಹವನ್ನು ಬಿಟ್ಟರು. ಕಾರ್ಯಸಂಘವೊಂದರ ಸ್ಥಾಪಕಿ ತನ್ನ ಬಾಳಿನ ಉತ್ತರಾರ್ಧವನ್ನು ಮೌನದಲ್ಲಿಯೇ ಕಳೆದುದನ್ನು ಸೋಲೆಂದು ಬಗೆಯುವವರು ಇದ್ದಾರು. ಆದರೆ ಪ್ರಾರ್ಥನೆಯೇ ಒಂದು ಸೇವೆಯೆಂಬ ಈ ಪಂಥದ ನಂಬಿಕೆಯನ್ನು ಒಪ್ಪದೆ ಇಂತಹ ತೀರ್ಮಾನವನ್ನು ಮಾಡುವುದು ಅವರ ಬಾಳನ್ನು ಅನ್ಯರ ಅಳತೆಗೋಲಿನಿಂದ ಅಳೆದಂತಾಗುತ್ತದೆ.

ಆ ಪ್ರಾರ್ಥನೆಯ ಸ್ವರೂಪವನ್ನು ಇಲ್ಲಿ ತುಸು ವಿವರಿಸತಕ್ಕದ್ದು ಅವಶ್ಯ. ಹಗಲಿರುಳುಗಳನ್ನು ಜಾವಗಳಾಗಿ ಹಂಚಿ, ಪ್ರತಿ ಜಾವಕ್ಕೂ ಹಳೆಯ ಒಡಂಬಡಿಕೆಯ ಕೀರ್ತನೆಗಳನ್ನು ಗೊತ್ತುಮಾಡಿ, ಎದುರುಬದುರಾಗಿ ನಿಂತ ಎರಡು ಸಾಲಿನವರು ಚರಣ ಚರಣವಾಗಿ ಸರದಿಯಂತೆ ಹೇಳುವುದೇ ಇದರ ಮೂಲಕ್ರಮ. ಆರನೆಯ ಶತಮಾನದ ಬೆನೆಡಿಕ್ಟರ ನಿಯಮದ ಪ್ರಕಾರ ನೂರೈವತ್ತು ಕೀರ್ತನೆಗಳೂ ವಾರಕ್ಕೊಮ್ಮೆ ಮುಗಿಯಬೇಕು. ಹೇಳುವವಳಿಗೆ ಆ ದಿನ ದುಃಖವಿದ್ದರೂ ಹರ್ಷದ ಕೀರ್ತನೆ ಬಂದರೆ ಅದನ್ನೇ ಹೇಳತಕ್ಕದ್ದು. ಏಕೆಂದರೆ ಅದು ಆಕೆಯ ಸ್ವಂತ ಪ್ರಾರ್ಥನೆಯಲ್ಲ, ಇಡೀ ಧರ್ಮಸಭೆಯ ಪರವಾಗಿ ಸಲ್ಲಿಸುವ ಪ್ರಾರ್ಥನೆ. ಇದರ ಜೊತೆಗೆ ಅವಿಲಾದ ತೆರೇಸಾ ಅವರು 1562ರಲ್ಲಿ ಆರಂಭಿಸಿದ ಕಾರ್ಮೆಲ್ ಸುಧಾರಣೆಯಲ್ಲಿ, ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮೌನಧ್ಯಾನವು ವಿಹಿತವಾಗಿದೆ. ಎಲ್ಲರೂ ಕೂಡಿ ನಕ್ಕು ಮಾತನಾಡುವುದಕ್ಕೂ ಅದೇ ತೆರೇಸಾ ಅವರು ದಿನದಲ್ಲಿ ಹೊತ್ತನ್ನು ಗೊತ್ತುಮಾಡಿದರೆಂಬುದನ್ನು ಮರೆಯಬಾರದು. ಶಾಲೆ, ಆಸ್ಪತ್ರೆಗಳಲ್ಲಿ ದುಡಿಯುವ ಸಹೋದರಿಯರಿಗೆ ಇಷ್ಟು ದೀರ್ಘಕ್ರಮವು ಅಸಾಧ್ಯವಾದುದರಿಂದ ಹಲವು ಸಂಘಗಳಲ್ಲಿ ಸಂಕ್ಷಿಪ್ತವಾದ ಮರಿಯ ಮಾತೆಯ ಪ್ರಾರ್ಥನಾಕ್ರಮವು ರೂಢಿಯಲ್ಲಿತ್ತು.

ಇನ್ನು ಬೆಂಗಳೂರು. ಇಲ್ಲಿಗೆ 1854ರಲ್ಲಿ ‘ಒಳ್ಳೆಯ ಕುರುಬ’ನ ಸಹೋದರಿಯರು, ಎಂದರೆ ಗುಡ್ ಶೆಫರ್ಡ್ ಸಂಘದವರು, ಮೈಸೂರು ಪ್ರಾಂತದ ಬಿಷಪ್ ಷಾರ್ಬೊನೋ ಅವರ ಕಾಲದಲ್ಲಿ ಬಂದರು. ಫ್ರಾನ್ಸಿನ ಆಂಜೆ ನಗರದಲ್ಲಿ ಮೇರಿ ಯೂಫ್ರೇಸಿಯಾ ಪೆಲ್ತಿಯೇ ಅವರು ಕಟ್ಟಿದ ಈ ಸಂಘಕ್ಕೆ 1835ರಲ್ಲಿ ಪೋಪರ ಮನ್ನಣೆ ದೊರೆತಿತ್ತು. ದಾರಿತಪ್ಪಿದ, ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಆಶ್ರಯ ನೀಡುವುದು ಇವರ ಮೂಲೋದ್ದೇಶ. ಮೂರು ವ್ರತಗಳ ಮೇಲೆ ಆತ್ಮೋದ್ಧಾರದ ಶ್ರದ್ಧೆಯೆಂಬ ನಾಲ್ಕನೆಯ ವ್ರತವನ್ನೂ ತೊಡುತ್ತಾರೆ. ಇದೇ ಸಂಘದ ಆಶ್ರಯದಲ್ಲಿ ಧ್ಯಾನಕ್ಕೇ ಮೀಸಲಾದ ಶಾಖೆಯೊಂದು ಇರುವುದು ಗಮನಾರ್ಹ. ಬೆಂಗಳೂರಿನಲ್ಲಿ ಇವರು ಶಾಲೆಗಳನ್ನು ನಡೆಸಿದುದಲ್ಲದೆ 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನೂ ತೆರೆದರು. ಆ ಆಸ್ಪತ್ರೆ ಇಂದು ನೃಪತುಂಗನ ಹೆಸರಿನ ರಸ್ತೆಯಲ್ಲಿರುವುದು ಕನ್ನಡ ಅಧ್ಯಾಪಕರ ಗಮನಕ್ಕೆ ಬರದೆ ಇರಲಾರದು. ಆಸ್ಪತ್ರೆಯ ಹೆಸರು ಇನ್ನೂ ಅರ್ಥವತ್ತಾದುದು. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಮಾರ್ತಾ, ಮರಿಯ ಎಂಬ ಅಕ್ಕತಂಗಿಯರ ಮನೆಗೆ ಯೇಸು ಬರುತ್ತಾನೆ. ತಂಗಿ ಅವನ ಪಾದದ ಬಳಿ ಕುಳಿತು ಕೇಳುತ್ತಾಳೆ. ಅಕ್ಕ ಅಡಿಗೆಯ ಗಡಿಬಿಡಿಯಲ್ಲಿ ಬೇಸತ್ತು ದೂರುತ್ತಾಳೆ. ಮೆಚ್ಚಿಕೆ ತಂಗಿಗೆ ದೊರೆಯುತ್ತದೆ. ಶತಮಾನಗಳ ಕಾಲ ವ್ಯಾಖ್ಯಾನಕಾರರು ಧ್ಯಾನವು ಸೇವೆಗಿಂತ ಮೇಲೆಂಬುದಕ್ಕೆ ಈ ಪ್ರಸಂಗವನ್ನೇ ಪ್ರಮಾಣವಾಗಿ ಹಿಡಿದರು. ಹೀಗಿರಲು ಆಸ್ಪತ್ರೆಗೆ ಮಾರ್ತಾಳ ಹೆಸರನ್ನಿಟ್ಟುದು ದುಡಿಯುವ ಅಕ್ಕನ ಪಕ್ಷವಹಿಸಿದಂತೆಯೇ ಸರಿ.

ಆಸ್ಪತ್ರೆಯಲ್ಲಿಯೂ ಒಂದು ಗೋಡೆ ಇದ್ದಿತು. ವೈದ್ಯವೃತ್ತಿ, ವಿಶೇಷವಾಗಿ ಪ್ರಸೂತಿಕಾರ್ಯವು, ವ್ರತಸ್ಥರಿಗೆ ಬಹುಕಾಲ ನಿಷಿದ್ಧವಾಗಿತ್ತು. ಪರದೆಯ ಕಾರಣದಿಂದ ಪುರುಷವೈದ್ಯರ ಬಳಿಗೆ ಹೋಗದ ಸ್ತ್ರೀಯರು ಹೆರಿಗೆಯಲ್ಲಿ ಸಾಯುತ್ತಿದ್ದ ದೇಶದಲ್ಲಿ ಈ ನಿಷೇಧದ ಫಲವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಸ್ಟ್ರೇಲಿಯದ ವೈದ್ಯೆ ಮೇರಿ ಗ್ಲೌರಿ ಎಂಬವರು 1920ರಲ್ಲಿ ಗುಂಟೂರಿಗೆ ಬಂದು ಸಂಘವನ್ನು ಸೇರಿದಾಗ ವೈದ್ಯವೃತ್ತಿಯನ್ನು ಮುಂದುವರಿಸಲು ಪೋಪರ ವಿಶೇಷಾನುಮತಿಯೇ ಬೇಕಾಯಿತು. ಸಾಮಾನ್ಯ ಅನುಮತಿ ಬಂದುದು 1936ರಲ್ಲಿ. 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಒಕ್ಕೂಟವನ್ನು ಸ್ಥಾಪಿಸಿದ ಈ ಗ್ಲೌರಿ ಅವರು 1957ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಕನಸು ಕಂಡಿದ್ದ ವೈದ್ಯಕೀಯ ಕಾಲೇಜು 1963ರಲ್ಲಿ ಇದೇ ಊರಿನಲ್ಲಿ ಸಂತ ಜಾನರ ಹೆಸರಿನಲ್ಲಿ ಆರಂಭವಾಯಿತು.

ಈವರೆಗೆ ಹೇಳಿದುದೆಲ್ಲ ಹೊರದೇಶದಿಂದ ಬಂದ ಸಂಘಗಳ ಮಾತಾಯಿತು. ನಾಡಿನ ಸ್ತ್ರೀಯರೇ ಕಟ್ಟಿ ಬೆಳೆಸಿದ ಸಂಘಗಳ ವಿಚಾರವು ಬೇರೆ. 1887ರಲ್ಲಿ ಉರ್ಬನ್ ಸ್ಟೈನ್ ಎಂಬ ಜೆಸುಯಿಟ್ ಪಾದ್ರಿಯ ಪ್ರೇರಣೆಯಿಂದ ಮಂಗಳೂರಿನಲ್ಲಿ ಉರ್ಸುಲೈನ್ ಸಂಘವು ತಲೆಯೆತ್ತಿತು. ಅನಂತರ 1921 ಎಂಬ ವರ್ಷವು ವಿಶೇಷವಾದುದು. ಮಂಗಳೂರಿನ ಬೆಂದೂರಿನಲ್ಲಿ ಆ ಒಂದೇ ವರ್ಷದಲ್ಲಿ ಎರಡು ಸಂಸ್ಥೆಗಳು ಹುಟ್ಟಿದುವು. ಒಂದು, ಅಪೊಸ್ತೋಲಿಕ ಕಾರ್ಮೆಲಿನವರ ಸಂತ ಆಗ್ನೆಸ್ ಮಹಿಳಾ ಕಾಲೇಜು. ಮತ್ತೊಂದು, ರೇಮಂಡ್ ಮಸ್ಕರೇನ್ಹಸ್ ಎಂಬ ಊರಿನ ಪಾದ್ರಿಯು ನಾಲ್ವರು ಸ್ತ್ರೀಯರೊಡನೆ ಜುಲೈ 16ರಂದು ಆರಂಭಿಸಿದ ಬೆಥನಿ ಸಂಘ. ಬೆಥನಿ ಎಂಬುದು ಮಾರ್ತಾ ಮರಿಯರ ಊರು. ಅಕ್ಕತಂಗಿಯರಿಬ್ಬರನ್ನೂ ಒಂದೇ ಹೆಸರಿನಲ್ಲಿ ಅಡಗಿಸಿದ ಜಾಣ್ಮೆ ಮೆಚ್ಚತಕ್ಕದ್ದು. ಕಾಲೇಜು ಪಟ್ಟಣದ ಹೆಣ್ಣುಮಕ್ಕಳಿಗೆ ಉನ್ನತ ವಿದ್ಯೆಯ ಬಾಗಿಲನ್ನು ತೆರೆಯಿತು. ಬೆಥನಿಯವರು ಹಳ್ಳಿಗಳಲ್ಲಿ ಕನ್ನಡ ಶಾಲೆಗಳನ್ನು ನಡೆಸಿದರು. ಕಾನ್ವೆಂಟೆಂದರೆ ಇಂಗ್ಲಿಷೆಂದು ಸಾರಾಸಗಟಾಗಿ ಆಕ್ಷೇಪಿಸುವವರು ಈ ಶಾಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಮಠದೊಳಗಿನ ಮೇಲುಕೀಳುಗಳನ್ನು ಮರೆಮಾಚುವುದು ನ್ಯಾಯವಲ್ಲ. ಹಳೆಯ ಕ್ರಮದಲ್ಲಿ ಪ್ರವೇಶಕ್ಕೆ ವಧುದಕ್ಷಿಣೆಯಂತಹ ಒಂದು ಮೊಬಲಗನ್ನು ತರಬೇಕಾಗಿತ್ತು. ಲ್ಯಾಟಿನ್ ಓದಬಲ್ಲವರು ಕೀರ್ತನೆ ಹೇಳುವ ಸಾಲಿನವರು. ಓದು ಬಾರದವರು ಅಡಿಗೆ, ಬಟ್ಟೆ, ತೋಟಗಳ ಕೆಲಸದವರು. ಮರಿಯಮ್ ಬವಾರ್ದಿಯು ಈ ಎರಡನೆಯ ಸಾಲಿನಲ್ಲಿದ್ದವಳು. 1965ರಲ್ಲಿ ಎರಡನೆಯ ವಾಟಿಕನ್ ಮಹಾಸಭೆಯು ಈ ಭೇದವನ್ನು ತೊಡೆದುಹಾಕುವಂತೆ ಆದೇಶಿಸಿತು. ಅದಕ್ಕೆ ಮುಂಚೆ 1963ರಲ್ಲಿಯೇ ದೇಶಭಾಷೆಗಳಲ್ಲಿ ಪೂಜೆ, ಪ್ರಾರ್ಥನೆಗಳಿಗೆ ದಾರಿ ತೆರೆದಿತ್ತು.

ರಾಜಾಜಿನಗರದಂತಹ ಬಡಾವಣೆಗಳು ಸ್ವಾತಂತ್ರ್ಯಾನಂತರದಲ್ಲಿ ಬೆಳೆದುವಾದುದರಿಂದ ಪಶ್ಚಿಮ ಬೆಂಗಳೂರಿನ ಕನ್ಯಾಮಠಗಳು ದಂಡಿನ ಕಡೆಯ ಮಠಗಳಷ್ಟು ಹಳೆಯವಲ್ಲ. ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ 1978ರಲ್ಲಿ ಕುಷ್ಠರೋಗಿಗಳಿಗಾಗಿ ಕಥೋಲಿಕ ಧರ್ಮಪ್ರಾಂತವು ಆರಂಭಿಸಿದ ಕೇಂದ್ರವು ಈ ಭಾಗದ ಸೇವಾಕಾರ್ಯಗಳಲ್ಲಿ ಹೆಸರಾದುದು. ಕೆಂಗೇರಿಯ ಕಡೆಗೆ ವ್ರತಾರ್ಥಿಗಳ ಶಿಕ್ಷಣಗೃಹಗಳೂ ಇವೆ. ಇಂದಿನ ಧರ್ಮಸಂಹಿತೆಯಂತೆ ವ್ರತಾರ್ಥಿನಿಯು ಕಡಮೆಯೆಂದರೆ ಒಂದು ವರ್ಷ ನವಶಿಷ್ಯೆಯಾಗಿದ್ದು, ಅನಂತರ ಮೂರು ವರ್ಷಕ್ಕೆ ಕಡಮೆಯಿಲ್ಲದಂತೆ ತಾತ್ಕಾಲಿಕ ವ್ರತದಲ್ಲಿದ್ದ ಮೇಲೆಯೇ ನಿತ್ಯವ್ರತಕ್ಕೆ ಅರ್ಹಳು. ಇಂತಹ ಮನೆಗಳಿಗೆ ಕೇರಳ, ತಮಿಳುನಾಡು, ಛೋಟಾನಾಗಪುರಗಳಿಂದಲೂ ಹೆಣ್ಣುಮಕ್ಕಳು ಬರುತ್ತಾರೆ. ತಾಯ್ನುಡಿಗಳು ಹಲವಾದುದರಿಂದ ಜಾವದ ಕೀರ್ತನೆಗಳು ಎಷ್ಟೋ ಕಡೆ ಇಂಗ್ಲಿಷಿನಲ್ಲಿಯೇ ಸಾಗುತ್ತವೆ. ಲ್ಯಾಟಿನ್ ಹೋದ ಎಡೆಗೆ ಅಲ್ಲೆಲ್ಲ ಕನ್ನಡವು ಬರಲಿಲ್ಲ. ಶಾಲೆಯ ಬಾಗಿಲಿನಲ್ಲಿ ತಾಯಂದಿರೊಡನೆ, ರೋಗಿಯ ಹಾಸಿಗೆಯ ಬಳಿ ಆತನ ಮನೆಯವರೊಡನೆ ಆಡುವ ಮಾತು ಮಾತ್ರ ಕನ್ನಡವೇ.