ಎಂಟು ಸೆಕೆಂಡಿನ ಪಿಟೀಲು

ಹಾರ್ಮೋನಿಯಮ್ಮಿನಲ್ಲಿ ಗಾಳಿ ನುಗ್ಗಿ ನಾದ ಹೊರಡುತ್ತದೆಂಬುದನ್ನು ತಾವು ಬಲ್ಲಿರಿ. ಮೆಲೊಟ್ರಾನ್ ಎಂಬ ಇಂಗ್ಲಿಷ್ ಪೆಟ್ಟಿಗೆಯಲ್ಲಿ ಗಾಳಿಯೂ ಇಲ್ಲ, ತಂತಿಯೂ ಇಲ್ಲ. ಒಂದೊಂದು ಕೀಲಿಯ ಹಿಂದೆಯೂ ಟೇಪಿನದೊಂದು ಪಟ್ಟಿ; ಅದರಲ್ಲಿ ನಿಜವಾದ ಪಿಟೀಲಿನದೋ ಕೊಳಲಿನದೋ ಒಂದೇ ಸ್ವರ ಮುದ್ರಿತವಾಗಿರುತ್ತದೆ. ಕೀಲಿಯನ್ನೊತ್ತಿದರೆ ಪಟ್ಟಿ ಓಡಿ ಆ ಸ್ವರ ಕೇಳಿಸುತ್ತದೆ. ಬಿಟ್ಟರೆ ಪಟ್ಟಿ ಮೊದಲಿನ ಜಾಗಕ್ಕೆ ಮರಳುತ್ತದೆ. ಆದರೆ ಅದರ ಆಯುಷ್ಯ ಸುಮಾರು 8 ಸೆಕೆಂಡು! ಆಮೇಲೆ ಎಷ್ಟು ಒತ್ತಿದರೂ ಮೌನವೇ. ಆದಕಾರಣ ನುಡಿಸುವವನು ಸ್ವರ ತೀರುವ ಮೊದಲೇ ಮುಂದಿನದಕ್ಕೆ ಸರಿಯಬೇಕು.

ಬರ್ಮಿಂಗ್‌ಹ್ಯಾಮಿನ ಮೂಡಿ ಬ್ಲೂಸ್ ಎಂಬ ರಾಕ್ ಮೇಳದ ಮೈಕ್ ಪಿಂಡರ್ ಅವರು ಈ ಪೆಟ್ಟಿಗೆಯ ಕಾರ್ಖಾನೆಯಲ್ಲೇ ದುಡಿದವರು, ಅದರ ಒಳಗುಟ್ಟು ತಿಳಿದವರು. ಕೋಳಿಯ ಕೂಗು, ರೈಲಿನ ಸಿಳ್ಳು ಮೊದಲಾದ ಪಟ್ಟಿಗಳನ್ನು ಕಿತ್ತು, ಅಲ್ಲಿಯೂ ಪಿಟೀಲಿನ ಪಟ್ಟಿಗಳನ್ನೇ ಜೋಡಿಸಿಕೊಂಡರು. (ಕೋಳಿಗೆ ಅನ್ಯಾಯವಾಯಿತೆನ್ನಬಹುದು!)

ಬ್ರಿಟನ್ನಿನ ಸಂಗೀತಗಾರರ ಸಂಘಕ್ಕೆ ಮಾತ್ರ ಈ ಪೆಟ್ಟಿಗೆ ಸಹ್ಯವಾಗಲಿಲ್ಲ; ವಾದಕರ ಅನ್ನಕ್ಕೆ ಕುತ್ತು ಬಂದೀತೆಂದು ಅದು ಅಂಜಿತು. ಅಂಜಿಕೆ ಹುರುಳಿಲ್ಲದ್ದಲ್ಲ. ಪಿಟೀಲುಗಾರನು ಒಮ್ಮೆ ನುಡಿಸಿಹೋದ ಸ್ವರ ಅವನಿಲ್ಲದೆಯೂ ಊರೂರಲ್ಲಿ ನುಡಿಯುತ್ತಿತ್ತಲ್ಲ! ಮೂಡಿ ಬ್ಲೂಸಿನವರು 1967ರಲ್ಲಿ ‘ಡೇಸ್ ಆಫ್ ಫ್ಯೂಚರ್ ಪಾಸ್ಡ್’ ಎಂಬ ಧ್ವನಿಮುದ್ರಿಕೆಗೆ ನಿಜವಾದ ವಾದ್ಯವೃಂದವನ್ನೇ ಕೂಡಿಸಿಕೊಂಡಿದ್ದರು. ಮರುವರ್ಷದ ಧ್ವನಿಮುದ್ರಿಕೆಯಲ್ಲಿ ಆ ವೃಂದವಿಲ್ಲ.

ಆದರೂ ಪೆಟ್ಟಿಗೆಯ ನಾದ ಪಿಟೀಲಿನ ನಾದವೇ ಅಲ್ಲವೆಂದು ನನ್ನ ಎಣಿಕೆ. ಟೇಪಿನ ಓಟ ತುಸು ತೊನೆದಾಡುವುದರಿಂದ ಅದಕ್ಕೊಂದು ಮಂಜು ಕವಿದಂಥ ನಡುಕವಿದೆ. 1967ರ ಧ್ವನಿಮುದ್ರಿಕೆಯ ‘ನೈಟ್ಸ್ ಇನ್ ವೈಟ್ ಸ್ಯಾಟಿನ್’ ಹಾಡನ್ನು ಕೇಳಿರಿ: ನಡುವಿನ ಪಿಟೀಲುಗಳು ಪಿಂಡರರ ಪೆಟ್ಟಿಗೆಯವು, ಕೊನೆಯಲ್ಲಿ ಉಕ್ಕಿ ಬರುವವು ಮನುಷ್ಯರ ಕೈಯವು.