ಬೇಸಿಗೆಯ ನಾಟಿ ಟೊಮೇಟೊ: ರುಚಿಗೆ ಗಿರಾಕಿ ಉಂಟು, ಸರಕಿಗೆ ದಾರಿ ಇಲ್ಲ

ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿ ಟೊಮೇಟೊ ಹರಾಜಾಗುವುದು 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಇದೇ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿಗಳನ್ನು ದಾಟಿ ರಾಷ್ಟ್ರಮಟ್ಟದ ಸುದ್ದಿಯಾಯಿತು. ಬೆಲೆ ಕುಸಿದ ವರ್ಷಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿದುದೂ ಉಂಟು. ಏರಲಿ, ಇಳಿಯಲಿ, ಈ ವಹಿವಾಟು ನಿಂತಿರುವುದು ಬಹುತೇಕ ಹೈಬ್ರಿಡ್ ಹಣ್ಣಿನ ಮೇಲೆ. ಇತ್ತ ಬೆಂಗಳೂರಿನ ತರಕಾರಿ ಅಂಗಡಿಗಳಲ್ಲಿ ಸಾರಿಗೆ, ಗೊಜ್ಜಿಗೆ ನಾಟಿ ಟೊಮೇಟೊವನ್ನೇ ಕೇಳಿ ಪಡೆಯುವ ಗೃಹಿಣಿಯರು ಇಂದಿಗೂ ಇದ್ದಾರೆ. ಕೇಳುವವರಿದ್ದೂ ಸರಕು ಏಕೆ ಬರುತ್ತಿಲ್ಲ ಎಂಬುದು ವರ್ತಕರು ವಿಚಾರಿಸಬೇಕಾದ ವಿಷಯವಾಗಿದೆ.

ಉತ್ತರ ಹಣ್ಣಿನ ಸಿಪ್ಪೆಯಲ್ಲಿಯೇ ಇದೆ. ದಕ್ಷಿಣದ ಜಿಲ್ಲೆಗಳಲ್ಲಿ ನಾಟಿ ಎಂದೂ ಉತ್ತರ ಕರ್ನಾಟಕದಲ್ಲಿ ಜವಾರಿ ಎಂದೂ ಕರೆಯಲ್ಪಡುವ ಟೊಮೇಟೊ ಸಾಮಾನ್ಯವಾಗಿ ಚಪ್ಪಟೆ ದುಂಡಗಿನದು, ತೆಳು ಸಿಪ್ಪೆಯದು. ಒಳಗೆ ರಸ ಮತ್ತು ಬೀಜ ಹೆಚ್ಚು, ಹುಳಿ ಮುಂದು. ಹಣ್ಣಾದ ಮೇಲೆ ಎರಡು ಮೂರು ದಿನಗಳಲ್ಲಿ ಮೆತ್ತಗಾಗುತ್ತದೆ. ಲಾರಿಯಲ್ಲಿ ಬಾಕ್ಸಿನ ಮೇಲೆ ಬಾಕ್ಸು ಪೇರಿಸಿ ಉತ್ತರ ಭಾರತದ ಪಟ್ಟಣಗಳಿಗೆ ಕಳುಹಿಸಿದರೆ ತಲುಪುವುದು ಹಣ್ಣಲ್ಲ, ರಸ. ಅಡುಗೆಮನೆಯಲ್ಲಿ ಯಾವ ಗುಣವನ್ನು ಮೆಚ್ಚಲಾಗುತ್ತದೆಯೋ ಅದನ್ನೇ ಮಂಡಿಯಲ್ಲಿ ದೋಷವೆಂದು ಎಣಿಸಲಾಗುತ್ತದೆ.

ಹೈಬ್ರಿಡ್ ತರಕಾರಿ ಬೀಜದ ಉದ್ಯಮವು ಭಾರತದಲ್ಲಿ ಬೇರೂರಿದ್ದು ನಮ್ಮ ಬೆಂಗಳೂರಿನಿಂದಲೇ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಮನಮೋಹನ ಅತ್ತಾವರರು 1965ರಲ್ಲಿ ಸ್ಥಾಪಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯು 1973ರಲ್ಲಿ ‘ಕರ್ನಾಟಕ’ ಎಂಬ ಟೊಮೇಟೊ ಸಂಕರಣವನ್ನೂ ‘ಭಾರತ್’ ಎಂಬ ದೊಣ್ಣೆಮೆಣಸಿನ ಸಂಕರಣವನ್ನೂ ಮಾರುಕಟ್ಟೆಗೆ ತಂದಿತು. ಮುಂದೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಎಲೆ ಮುಟುರು, ದುಂಡಾಣು ಸೊರಗು ಮತ್ತು ಅಂಗಮಾರಿ ಎಂಬ ಮೂರು ರೋಗಗಳನ್ನು ತಡೆಯಬಲ್ಲ ‘ಅರ್ಕಾ ರಕ್ಷಕ್’ ಸಂಕರಣವನ್ನು ನೀಡಿತು. ಇಳುವರಿ, ರೋಗನಿರೋಧಕ ಶಕ್ತಿ, ಸಾಗಣೆಯಲ್ಲಿ ಬಾಳಿಕೆ ಈ ಮೂರನ್ನೂ ಸಂಕರಣ ತಳಿಗಳು ರೈತನಿಗೆ ಒದಗಿಸಿಕೊಟ್ಟವು. ಅವನ್ನು ಹಳಿಯುವುದು ನ್ಯಾಯವಲ್ಲ; ವರ್ಷವಿಡೀ ಟೊಮೇಟೊ ತಿನ್ನುವ ನಗರಗಳು ಅವುಗಳಿಂದಲೇ ಸಾಧ್ಯವಾದವು.

ರುಚಿಯ ಲೆಕ್ಕ

ಆದರೂ ರುಚಿ ಕುಗ್ಗಿದೆ ಎಂಬ ಮಾತು ಹಿರಿಯರ ಹಳಹಳಿಕೆ ಮಾತ್ರವಲ್ಲ. 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದರ ಒಂದು ಕಾರಣವನ್ನು ಹೊರಗೆಡಹಿತು. ಹಲವು ಹಳೆಯ ತಳಿಗಳಲ್ಲಿ ಕಾಯಿ ಬಲಿಯುವಾಗ ತೊಟ್ಟಿನ ಸುತ್ತ ಕಡುಹಸಿರು ಉಳಿಯುತ್ತದೆ. ಕಾಯಿ ಒಂದೇ ಸಮನೆ ತಿಳಿಹಸಿರಾಗಿದ್ದರೆ ಕೊಯ್ಲಿನ ಕಾಲ ಗುರುತಿಸುವುದು ಸುಲಭವೆಂದು ತಳಿವಿಜ್ಞಾನಿಗಳು ಆ ಗುಣವನ್ನು ದಶಕಗಳ ಕಾಲ ಆಯ್ದುಕೊಂಡು ಬಂದರು. ಆ ಕಡುಹಸಿರನ್ನು ಉಂಟುಮಾಡುವ ವಂಶವಾಹಿಯೇ ಕಾಯಿಯೊಳಗೆ ಸಕ್ಕರೆಯ ಸಂಚಯಕ್ಕೂ ನೆರವಾಗುತ್ತದೆ ಎಂಬುದು ತಿಳಿದುಬಂದದ್ದು ಆಮೇಲೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾನಿಲಯದ ಹ್ಯಾರಿ ಕ್ಲೀ ಮತ್ತು ಸಂಗಡಿಗರು 2017ರಲ್ಲಿ ಸುಮಾರು 400 ತಳಿಗಳನ್ನು ಪರೀಕ್ಷಿಸಿ, ಪರಂಪರಾಗತ ತಳಿಗಳಿಗೆ ಹೋಲಿಸಿದರೆ ಆಧುನಿಕ ತಳಿಗಳಲ್ಲಿ ಪರಿಮಳಕ್ಕೆ ಕಾರಣವಾದ 13 ರಾಸಾಯನಿಕಗಳು ಗಮನಾರ್ಹವಾಗಿ ಕಡಿಮೆಯಾಗಿವೆ ಎಂದು ತೋರಿಸಿದರು. ತೊಟ್ಟಿನ ಬಳಿ ಹಸಿರು ಉಳಿದ ಹಣ್ಣನ್ನು ‘ದೋರೆ’ ಎಂದು ಪಕ್ಕಕ್ಕೆ ಸರಿಸುವ ವರ್ತಕರು ಈ ಅಂಶವನ್ನು ಗಮನಿಸುವುದು ಲೇಸು.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕಾಗಿದೆ. ನಾಟಿ ಎಂದರೆ ಸಾವಯವವಲ್ಲ. ಸಾವಯವ ಎಂದರೆ ನಾಟಿಯೂ ಅಲ್ಲ. ಮೊದಲನೆಯದು ಬೀಜದ ಮಾತು, ಎರಡನೆಯದು ಬೇಸಾಯದ ಮಾತು. ಹೈಬ್ರಿಡ್ ತಳಿಯನ್ನು ಸಾವಯವ ಕ್ರಮದಲ್ಲಿ ಬೆಳೆಯಬಹುದು, ನಾಟಿ ಗಿಡಕ್ಕೆ ವಾರಕ್ಕೆರಡು ಬಾರಿ ಕೀಟನಾಶಕ ಸಿಂಪಡಿಸಲೂಬಹುದು. ಅಂಗಡಿಯ ಫಲಕಗಳಲ್ಲಿ ಇವೆರಡನ್ನೂ ಒಂದೇ ಉಸಿರಿನಲ್ಲಿ ಬರೆಯುವುದರಿಂದ ಗ್ರಾಹಕನ ವಿಶ್ವಾಸಕ್ಕೆ ಧಕ್ಕೆಯಾಗುತ್ತದೆ. ಅಲ್ಲದೆ ನಾಟಿ ಎಂಬ ಹೆಸರಿನಲ್ಲಿ ಬರುವುದೆಲ್ಲವೂ ತಲೆಮಾರುಗಳ ಹಳೆಯ ತಳಿಯೇ ಆಗಿರಬೇಕೆಂದಿಲ್ಲ. ದೆಹಲಿಯ ಸಂಸ್ಥೆಯ ‘ಪೂಸಾ ರೂಬಿ’, ಹೆಸರಘಟ್ಟದ ‘ಅರ್ಕಾ ವಿಕಾಸ್’ ಮುಂತಾದವು ಸಂಕರಣಗಳಲ್ಲ, ಬೀಜ ಉಳಿಸಿಕೊಳ್ಳಬಹುದಾದ ತಳಿಗಳು. ಅಂಥವು ರೈತರ ಕೈಯಲ್ಲಿ ವರ್ಷಗಟ್ಟಲೆ ಮರುಬಿತ್ತನೆಯಾಗಿ ಹೆಸರು ಕಳೆದುಕೊಂಡರೆ ಅವೂ ನಾಟಿಯೇ ಆಗುತ್ತವೆ. ಟೊಮೇಟೊ ಈ ದೇಶಕ್ಕೆ ಬಂದ ಹೊಸತರಲ್ಲಿ ಕನ್ನಡಿಗರು ಅದನ್ನು ಚಪ್ಪರಬದನೆ ಎಂದು ಕರೆದುಕೊಂಡವರು. ದಕ್ಷಿಣ ಅಮೆರಿಕ ಮೂಲದ ಈ ಗಿಡದ ವಿಷಯದಲ್ಲಿ ದೇಸಿತನದ ಹೆಮ್ಮೆಗಿಂತ ಬೀಜ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯೇ ಮುಖ್ಯವಾದುದು.

ಬೇಸಿಗೆಯ ಪರೀಕ್ಷೆ

ಬೇಸಿಗೆಯಲ್ಲಿ ಸಾವಯವ ಟೊಮೇಟೊ ಬೆಳೆಯುವುದು ಸುಲಭದ ಮಾತಲ್ಲ. ಬಿಸಿಲೇರಿದಂತೆ ಬಿಳಿ ನೊಣದ ಕಾಟ ಹೆಚ್ಚುತ್ತದೆ; ಅದು ಹರಡುವ ಎಲೆ ಮುಟುರು ರೋಗದ ನಂಜು ಎಳೆಯ ಗಿಡಕ್ಕೆ ತಗುಲಿದರೆ ಆ ಗಿಡದಿಂದ ಫಸಲಿನ ಆಸೆ ಬಿಟ್ಟಂತೆಯೇ. ರೋಗನಿರೋಧಕ ಶಕ್ತಿಯಿಲ್ಲದ ನಾಟಿ ತಳಿಗೆ ಅಪಾಯ ಇಮ್ಮಡಿ. ಸಸಿಮಡಿಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಹೊದಿಸುವುದು, ಬೇವಿನ ಬೀಜದ ಕಷಾಯ ಸಿಂಪಡಿಸುವುದು, ಕಾಯಿ ಕೊರಕವನ್ನು ಸೆಳೆಯಲು 16 ಸಾಲು ಟೊಮೇಟೊಗೆ ಒಂದು ಸಾಲು ಚೆಂಡು ಹೂ ನೆಡುವುದು ರೂಢಿಯಲ್ಲಿರುವ ರಕ್ಷಣೋಪಾಯಗಳು. ಇಷ್ಟೆಲ್ಲ ಮಾಡಿ ಹಣ್ಣು ಕೆಂಪೇರುವ ಹೊತ್ತಿಗೆ ಭರಣಿ ಮಳೆ ಸುರಿದರೆ, ಒಣಗಿದ ನೆಲಕ್ಕೆ ಒಮ್ಮೆಲೇ ನೀರುಂಡ ಗಿಡದ ತೆಳು ಸಿಪ್ಪೆಯ ಹಣ್ಣು ಸೀಳುತ್ತದೆ. ಸಾವಯವ ಬೆಳೆಗಾರನು ಕೇಳುವ ಹೆಚ್ಚಿನ ಬೆಲೆಯ ಹಿಂದೆ ಈ ನಷ್ಟದ ಲೆಕ್ಕವಿರುತ್ತದೆಂಬುದನ್ನು ಖರೀದಿದಾರರು ಅರಿಯಬೇಕು.

ಪ್ರಮಾಣಪತ್ರದ ಹಾದಿಯೂ ಉದ್ದವಾದುದೇ. ಕೇಂದ್ರ ವಾಣಿಜ್ಯ ಸಚಿವಾಲಯದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ನಿಯಮದಂತೆ ವಾರ್ಷಿಕ ಬೆಳೆಗಳಿಗೆ ಸಾಮಾನ್ಯವಾಗಿ ಬಿತ್ತನೆಗೆ ಮುಂಚೆ ಎರಡು ವರ್ಷಗಳ ಪರಿವರ್ತನಾ ಅವಧಿ ಕಳೆಯಬೇಕು. ಈ ಅವಧಿಯಲ್ಲಿ ಇಳುವರಿ ಇಳಿಯುವ ಸಂಭವವಿದ್ದು, ಸಾವಯವದ ಬೆಲೆಯಂತೂ ದೊರೆಯುವುದಿಲ್ಲ. ರೈತರು ಗುಂಪಾಗಿ ಪರಸ್ಪರ ಹೊಲಗಳನ್ನು ಪರಿಶೀಲಿಸಿಕೊಳ್ಳುವ ಪಿ.ಜಿ.ಎಸ್. ವ್ಯವಸ್ಥೆ ಇದಕ್ಕಿಂತ ಅಗ್ಗವಾದುದು, ದೇಶೀಯ ಮಾರಾಟಕ್ಕೆ ಮಾನ್ಯವಾದುದು. 2017ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಇವೆರಡರಲ್ಲೊಂದು ಇಲ್ಲದೆ ಅಂಗಡಿಯಲ್ಲಿ ಸರಕನ್ನು ‘ಸಾವಯವ’ ಎಂದು ಮಾರುವಂತಿಲ್ಲ. ಸಣ್ಣ ಬೆಳೆಗಾರನು ತಾನೇ ನೇರವಾಗಿ ಗ್ರಾಹಕನಿಗೆ ಮಾರಿದರೆ ವಿನಾಯಿತಿ ಇದೆ. ನಡುವೆ ವರ್ತಕನು ಬಂದೊಡನೆ ಆ ವಿನಾಯಿತಿ ತಪ್ಪುತ್ತದೆ. ಅನೇಕ ಚಿಲ್ಲರೆ ವ್ಯಾಪಾರಿಗಳು ಎಡವುವುದು ಇಲ್ಲಿಯೇ.

ಇತರ ಬೇಸಿಗೆ ಫಸಲುಗಳಲ್ಲಿ ಕೆಲವು ಬೇರೆ ಬಗೆಯ ಗುರುತು ಪಡೆದಿವೆ. ಉಡುಪಿ ಸಮೀಪದ ಮಟ್ಟು ಗ್ರಾಮದ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. ಊರಿನ ಹೆಸರೇ ಅಲ್ಲಿ ಸರಕಿನ ಹೆಸರು. ಅಂಕೋಲೆಯ ಕರಿ ಈಶಾಡ ಮಾವಿಗೆ 2023ರಲ್ಲಿ ಅದೇ ಮಾನ್ಯತೆ ಬಂದಿತು. ಆ ಮಾವಿನದೂ ತೆಳು ಸಿಪ್ಪೆ. ನಾಟಿ ಟೊಮೇಟೊಗೆ ಅಂತಹ ಊರಿನ ಹೆಸರಿಲ್ಲ.

ಹೆಸರಿದ್ದರೆ ಏನಾದೀತೆಂಬುದಕ್ಕೆ ಅಮೆರಿಕದ ನಿದರ್ಶನವೊಂದಿದೆ. ಪಶ್ಚಿಮ ವರ್ಜೀನಿಯಾದ ಲೋಗನ್ ಎಂಬಲ್ಲಿ ವಾಹನಗಳ ರೇಡಿಯೇಟರ್ ರಿಪೇರಿ ಮಾಡುತ್ತಿದ್ದ ಎಂ.ಸಿ. ಬೈಲ್ಸ್ ಎಂಬಾತ ದೊಡ್ಡ ಗಾತ್ರದ ಟೊಮೇಟೊ ತಳಿಯೊಂದನ್ನು ತಾನೇ ಆಯ್ದು ಬೆಳೆಸಿ, 1940ರ ದಶಕದಲ್ಲಿ ಅದರ ಸಸಿಗಳನ್ನು ತಲಾ ಒಂದು ಡಾಲರಿಗೆ ಮಾರಿ, 6,000 ಡಾಲರುಗಳ ಮನೆಸಾಲವನ್ನು ಆರು ವರ್ಷಗಳಲ್ಲಿ ತೀರಿಸಿದನೆಂದು ಹೇಳಲಾಗುತ್ತದೆ. ‘ಮಾರ್ಟ್‌ಗೇಜ್ ಲಿಫ್ಟರ್’, ಅಂದರೆ ಅಡಮಾನ ಬಿಡಿಸಿದ್ದು, ಎಂಬ ಹೆಸರಿನಿಂದಲೇ ಅದರ ಬೀಜ ಇಂದಿಗೂ ಮಾರಾಟವಾಗುತ್ತದೆ. ಗಮನಿಸಬೇಕಾದುದೆಂದರೆ, ಆತ ಗಳಿಸಿದ್ದು ಹಣ್ಣಿನಿಂದಲ್ಲ, ಸಸಿಯಿಂದ.

ನಮ್ಮಲ್ಲಿಯೂ ಇದಕ್ಕೆ ಕಾನೂನಿನ ಅಡ್ಡಿಯಿಲ್ಲ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001, ರೈತನಿಗೆ ತನ್ನ ಹೊಲದ ಬೀಜವನ್ನು ಉಳಿಸಿಕೊಳ್ಳಲು, ವಿನಿಮಯ ಮಾಡಲು, ಬ್ರಾಂಡಿನ ಹೆಸರಿಲ್ಲದೆ ಮಾರಲು ಹಕ್ಕು ನೀಡುತ್ತದೆ. ಟೊಮೇಟೊ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಗಿಡವಾದ್ದರಿಂದ ನಾಟಿ ಬೀಜದಿಂದ ತಾಯಿಯಂತಹ ಗಿಡವೇ ಹುಟ್ಟುತ್ತದೆ. ಚೆನ್ನಾಗಿ ಕಳಿತ ಹಣ್ಣಿನ ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಿದರೆ ಬಿತ್ತನೆ ಬೀಜ ಸಿದ್ಧ. ಹೈಬ್ರಿಡ್ ಬೀಜದ ಪೊಟ್ಟಣವನ್ನಾದರೋ ಪ್ರತಿ ಬೆಳೆಗೂ ಹೊಸದಾಗಿ ಕೊಳ್ಳಬೇಕು.

ಹಾಗಾದರೆ ವರ್ತಕನ ಪಾತ್ರವೇನು? ಈ ಹಣ್ಣಿಗೆ ದೂರದ ಮಾರುಕಟ್ಟೆ ಹುಡುಕುವುದು ವ್ಯರ್ಥ. ಬೆಳಿಗ್ಗೆ ಕೊಯ್ದದ್ದು ಅದೇ ಸಂಜೆಯೊಳಗೆ ಅಂಗಡಿ ಸೇರುವಷ್ಟು ಹತ್ತಿರದ ಹಳ್ಳಿಗಳೊಡನೆ ಹಂಗಾಮಿಗೆ ಮುಂಚೆಯೇ ಬೆಲೆ ಗೊತ್ತುಮಾಡಿಕೊಳ್ಳಬೇಕು. ಆಳವಾದ ಬಾಕ್ಸಿಗೆ ಬದಲು ಒಂದೆರಡು ಪದರ ಹಣ್ಣು ಹಿಡಿಯುವ ತಟ್ಟೆಗಳನ್ನು ಬಳಸಬೇಕು. ಶೀತಲ ಕೋಣೆಯ ಮೋಹ ಬೇಡ: 12 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿಟ್ಟ ಟೊಮೇಟೊದಲ್ಲಿ ಪರಿಮಳವನ್ನು ಉಂಟುಮಾಡುವ ಕ್ರಿಯೆಯೇ ಕುಂದುತ್ತದೆ ಎಂದು 2016ರ ಅಧ್ಯಯನವೊಂದು ತೋರಿಸಿದೆ. ಸೀಳಿದ, ಮೆತ್ತಗಾದ ಹಣ್ಣನ್ನು ಅಂದೇ ಗೊಜ್ಜು, ತೊಕ್ಕು ಮಾಡುವ ಮಹಿಳಾ ಸಂಘಗಳಿಗೋ ಹೋಟೆಲುಗಳಿಗೋ ತಲುಪಿಸುವ ಏರ್ಪಾಡು ಇದ್ದರೆ ಬೆಳೆಗಾರನ ನಷ್ಟವೂ ತಗ್ಗುತ್ತದೆ.

ಒಣಗಿಸಿ ತಂಪಾದ ಜಾಗದಲ್ಲಿಟ್ಟ ಟೊಮೇಟೊ ಬೀಜಕ್ಕೆ ಮೊಳೆಯುವ ಶಕ್ತಿ ಇರುವುದು ನಾಲ್ಕೈದು ವರ್ಷ. ಕೊಳ್ಳುವವರಿಲ್ಲವೆಂದು ಒಂದು ಊರಿನ ರೈತರು ಅಷ್ಟು ಬೇಸಿಗೆ ಬಿತ್ತನೆ ನಿಲ್ಲಿಸಿದರೆ, ಆರನೆಯ ಬೇಸಿಗೆಯಲ್ಲಿ ಎಷ್ಟು ಬೆಲೆ ಕೊಡುತ್ತೇನೆಂದರೂ ಆ ಊರಿನ ನಾಟಿ ಟೊಮೇಟೊ ಯಾವ ಮಂಡಿಯಲ್ಲಿಯೂ ಸಿಗಲಾರದು.